ಕೂಗದ ಕುಕ್ಕರಿನ ಕೈಪಿಡಿ

ಅಭಿನಂದನೆಗಳು

ಸ್ಲೋ ಕುಕ್ಕರಿನ ಒಡೆಯರಾದ ನಿಮಗೆ ಅಭಿನಂದನೆ. ಅಥವಾ ಸಂತಾಪ. ಎರಡರಲ್ಲಿ ಯಾವುದು ಎಂದು ಎಂಟು ಗಂಟೆ ಕಳೆದ ಮೇಲೆ ತಿಳಿಯುತ್ತದೆ. ಅಲ್ಲಿಯವರೆಗೆ ಇದನ್ನು ಓದುತ್ತಿರಿ.

ಪೆಟ್ಟಿಗೆಯ ಜೊತೆ ಕಂಪನಿಯವರ ಪುಸ್ತಕವೂ ಬಂದಿರುತ್ತದೆ. ಅದನ್ನು ಬರೆದವರು ಕುಕ್ಕರ್ ಕೂಗುವುದನ್ನು ಕೇಳಿ ಬೆಳೆದವರಲ್ಲ. ನಾವು ಬೆಳೆದವರು. ಅನ್ನಕ್ಕೆ ಎರಡು ಕೂಗು, ಬೇಳೆಗೆ ಮೂರು, ಕಡಲೆಕಾಳಿಗೆ ಐದು, ಮಟನ್ನಿಗೆ ‘ಒಂದು ಏಳೆಂಟು ಕೂಗ್ಲಿ ಬಿಡು’. 1959ರ ಹೊತ್ತಿಗೆ ನಮ್ಮ ದೇಶದಲ್ಲೇ ಪ್ರೆಶರ್ ಕುಕ್ಕರ್ ತಯಾರಾಗತೊಡಗಿತು. ಆಮೇಲೆ ಹುಟ್ಟಿದವರಿಗೆ ಹಸಿವು ಹೊಟ್ಟೆಯಲ್ಲಿ ಶುರುವಾಗುವುದಿಲ್ಲ, ಕಿವಿಯಲ್ಲಿ ಶುರುವಾಗುತ್ತದೆ. ಅಮ್ಮ ಸ್ನಾನಕ್ಕೆ ಹೋಗುವಾಗ ‘ಎಷ್ಟು ಕೂಗ್ತು ಅಂತ ಎಣಿಸ್ತಿರು’ ಎಂದು ನನ್ನನ್ನು ಒಲೆಯ ಮುಂದೆ ಕೂರಿಸಿ ಹೋಗುತ್ತಿದ್ದಳು. ಲೆಕ್ಕ ತಪ್ಪಿದರೆ ಬೇಳೆಗೂ ನನಗೂ ಒಂದೇ ಗತಿ.

ಸ್ಲೋ ಕುಕ್ಕರ್ ಕೂಗುವುದಿಲ್ಲ. ಈ ಮಾತು ಅರಗುವ ತನಕ ಮುಂದಿನ ಭಾಗಕ್ಕೆ ಹೋಗಬೇಡಿ.

ನಾನು ಹಾಸನದವಳು, ಈಗ ಇರುವುದು ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ. ಜನವರಿಯಲ್ಲಿ ಇಲ್ಲಿ ಬಾಗಿಲು ತೆರೆದರೆ ಮೂಗಿನೊಳಗಿನ ಕೂದಲು ಸೆಟೆದುಕೊಳ್ಳುತ್ತದೆ. ಸಂಜೆ ಐದೂವರೆಗೆಲ್ಲ ಕತ್ತಲು. ಕೆಲಸ ಮುಗಿಸಿ ಬಂದವಳಿಗೆ ಒಲೆಯ ಮುಂದೆ ನಿಲ್ಲುವ ಮನಸ್ಸಿರುವುದಿಲ್ಲ. ಇದನ್ನು ಕಂಡೋ ಏನೋ, ಪಕ್ಕದ ಮನೆಯ ಅಜ್ಜಿ ಒಂದು ದಿನ ತಮ್ಮ ಗ್ಯಾರೇಜಿನಿಂದ ಬಿಚ್ಚದ ಪೆಟ್ಟಿಗೆಯೊಂದನ್ನು ತಂದುಕೊಟ್ಟು, ‘ಬೆಳಿಗ್ಗೆ ಹಾಕು, ಸಂಜೆ ತಿನ್ನು, ನಡುವೆ ಮರೆತುಬಿಡು’ ಎಂದರು. ಮೊದಲ ಎರಡು ಸುಲಭ. ಈ ಕೈಪಿಡಿ ಇರುವುದು ಮೂರನೆಯದಕ್ಕೆ.

ಪೆಟ್ಟಿಗೆಯಲ್ಲಿ ಏನೇನಿದೆ

ಮೂರೇ ವಸ್ತು. ಹೊರಗೆ ಲೋಹದ ಡಬ್ಬಿ, ಅದರ ಗೋಡೆಯೊಳಗೆ ಕಾಯಿಸುವ ತಂತಿ. ಅದರೊಳಗೆ ಇಳಿಬಿಡಲು ದಪ್ಪ ಪಿಂಗಾಣಿಯ ಜಾಡಿ. ಮೇಲೆ ಗಾಜಿನ ಮುಚ್ಚಳ. ನಮ್ಮದು ಆರು ಕ್ವಾರ್ಟಿನದು, ಅಂದರೆ ಐದೂವರೆ ಲೀಟರಿಗೆ ಸ್ವಲ್ಪ ಮೇಲೆ. ಮೊಟ್ಟೆಯಾಕಾರದ್ದು.

ಗ್ಯಾಸ್ಕೆಟ್ ಇಲ್ಲ, ವೆಯ್ಟ್ ಇಲ್ಲ, ಸೇಫ್ಟಿ ವಾಲ್ವ್ ಇಲ್ಲ. ಆರು ತಿಂಗಳ ಮಟ್ಟಿಗೆಂದು ಹಾಸನದಿಂದ ಬಂದಿದ್ದ ಅಮ್ಮ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ, ಥರ್ಮಕೋಲಿನ ತುಂಡುಗಳನ್ನೆಲ್ಲ ಒಂದೊಂದಾಗಿ ಒದರಿ ವೆಯ್ಟನ್ನು ಹುಡುಕಿದಳು.

‘ವೆಯ್ಟು ಹಾಕೋದೇ ಮರ್ತವ್ರೆ ಕಣೇ. ವಾಪಸ್ ಕೊಟ್ಬಿಡು.’

‘ಇದಕ್ಕೆ ವೆಯ್ಟ್ ಇರಲ್ಲಮ್ಮ.’

‘ಮತ್ತೆ ಬೆಂದದ್ದು ಹೆಂಗೆ ಗೊತ್ತಾಗುತ್ತೆ?’

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಅಮ್ಮ ಅಷ್ಟಕ್ಕೆ ಬಿಟ್ಟು, ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿ, ಬೆರಳ ಗಂಟಿನಿಂದ ತಟ್ಟಿ ಸದ್ದು ಕೇಳಿ, ‘ಜಾಡಿ ಮಾತ್ರ ಚೆನ್ನಾಗದೆ. ಉಪ್ಪಿನಕಾಯಿಗೆ ಹೇಳಿ ಮಾಡಿಸ್ದಂಗದೆ’ ಎಂದಳು. ಆ ಮಾತನ್ನು ನಾನು ಗಮನಕ್ಕೆ ತೆಗೆದುಕೊಳ್ಳಲಿಲ್ಲ. ನೀವು ತೆಗೆದುಕೊಳ್ಳಿ.

ಮುಂಭಾಗದಲ್ಲಿ ಒಂದು ತಿರುಪು. ಲೋ, ಹೈ, ವಾರ್ಮ್. ಲೋ ಎಂದರೆ ಕಡಿಮೆ ಬಿಸಿ, ಹೈ ಎಂದರೆ ಜಾಸ್ತಿ ಬಿಸಿ ಎಂದುಕೊಂಡರೆ ಅದು ಅರ್ಧ ಸತ್ಯ. ಸಾಮಾನ್ಯವಾಗಿ ಎರಡೂ ಕೊನೆಗೆ ತಲುಪುವುದು ಹೆಚ್ಚುಕಮ್ಮಿ ಒಂದೇ ಜಾಗಕ್ಕೆ, ನೀರು ಕುದಿಯುವುದಕ್ಕೆ ತುಸು ಹಿಂದೆ. ವ್ಯತ್ಯಾಸ ಇರುವುದು ಎಷ್ಟು ಬೇಗ ತಲುಪುತ್ತವೆ ಎಂಬುದರಲ್ಲಿ. ಲೋ ಪ್ಯಾಸೆಂಜರ್ ಗಾಡಿ, ಹೈ ಎಕ್ಸ್‌ಪ್ರೆಸ್. ಎರಡೂ ಅರಸೀಕೆರೆಗೇ ಹೋಗುವುದು. ವಾರ್ಮ್ ಮಾತ್ರ ಗಾಡಿಯೇ ಅಲ್ಲ, ನಿಲ್ದಾಣದ ಬೆಂಚು. ಬೆಂದದ್ದನ್ನು ಬಿಸಿಯಾಗಿ ಕಾಯುತ್ತದೆಯೇ ಹೊರತು ಹಸಿಯದನ್ನು ಬೇಯಿಸುವುದಿಲ್ಲ.

ಎಚ್ಚರಿಕೆ: ಮುಚ್ಚಳ

ಕಂಪನಿಯ ಪುಸ್ತಕದ ತುಂಬ ಎಚ್ಚರಿಕೆಗಳಿವೆ. ಡಬ್ಬಿಯನ್ನು ನೀರಲ್ಲಿ ಮುಳುಗಿಸಬೇಡಿ, ವೈರು ನೇತಾಡಿಸಬೇಡಿ, ಫ್ರಿಜ್ಜಿನಿಂದ ತೆಗೆದ ಜಾಡಿಯನ್ನು ಹಾಗೇ ಬಿಸಿಗೆ ಇಡಬೇಡಿ, ಸೀಳುತ್ತದೆ. ಇವನ್ನೆಲ್ಲ ಜನ ಪಾಲಿಸುತ್ತಾರೆ. ಪಾಲಿಸದೇ ಇರುವುದು ಒಂದನ್ನೇ. ಮುಚ್ಚಳ ತೆಗೆಯಬೇಡಿ.

ಈ ಯಂತ್ರದ ಕಸುವು ಬಹಳ ಕಡಿಮೆ. ನಮ್ಮ ಅಳತೆಯದು ಸುಮಾರು 250 ವ್ಯಾಟ್ ತಿನ್ನುತ್ತದೆ, ಹಳೇ ಕಾಲದ ಎರಡೂವರೆ ಬಲ್ಬು ಉರಿದಷ್ಟು. ಅಷ್ಟರಲ್ಲಿ ಐದು ಲೀಟರ್ ಅಡುಗೆ ಬಿಸಿಯೇರಬೇಕಾದರೆ ಒಂದು ಹನಿ ಶಾಖವೂ ಪೋಲಾಗಬಾರದು. ಏಳುವ ಹಬೆ ಗಾಜಿಗೆ ತಾಗಿ ನೀರಾಗಿ, ಅಂಚಿಗಿಳಿದು ಮುಚ್ಚಳವನ್ನು ಜಾಡಿಗೆ ಅಂಟಿಸಿದ ಹಾಗೆ ಮಾಡುತ್ತದೆ. ಆ ನೀರಿನ ಗೆರೆಯೇ ಇದರ ಗ್ಯಾಸ್ಕೆಟ್. ಒಮ್ಮೆ ಎತ್ತಿದಿರೋ, ಕಳೆದ ಬಿಸಿ ಮತ್ತೆ ಕೂಡಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು.

‘ನೋಡಿದ್ರೆ ಏನ್ ಸವೆಯುತ್ತೇ?’ ಎಂದು ಅಮ್ಮ ಕೇಳಿದ್ದು ಮೊದಲ ದಿನ ಬೆಳಿಗ್ಗೆ ಒಂಬತ್ತೂಕಾಲಕ್ಕೆ. ಇಟ್ಟದ್ದು ಒಂಬತ್ತಕ್ಕೆ. ಆಮೇಲೆ ಉಪ್ಪು ನೋಡಲು ಒಂದು ಸಲ, ಉಪ್ಪು ಹಾಕಿದ್ದೇನೋ ಇಲ್ಲವೋ ನೋಡಲು ಒಂದು ಸಲ, ತಳ ಹತ್ತಿದೆಯೇ ಎಂದು ಒಂದು ಸಲ (ಇದರಲ್ಲಿ ತಳ ಹತ್ತುವುದು ಅಪರೂಪ), ಬಾಗಿಲು ತಟ್ಟಿದ ಕೊರಿಯರಿನವನಿಗೆ ತೋರಿಸಲು ಒಂದು ಸಲ. ಮಧ್ಯಾಹ್ನ ಎರಡಕ್ಕೆ ನಾನು ಫೋನು ಮಾಡಿದಾಗ ಲೆಕ್ಕ ಒಂಬತ್ತಕ್ಕೆ ಬಂದಿತ್ತು. ತೆಗೆದ ಪ್ರತಿ ಸಲಕ್ಕೂ ಅರ್ಧ ಗಂಟೆ ಸೇರಿಸಿದರೆ ಆವತ್ತಿನ ರಾತ್ರಿಯೂಟ ಮರುದಿನದ ತಿಂಡಿಯಾಗಬೇಕಿತ್ತು. ಆಯಿತು ಕೂಡ.

ಎರಡನೇ ಸಲ ಉಪಾಯ ಮಾಡಿ ರಾತ್ರಿ ಮಲಗುವ ಮುಂಚೆ ಹಚ್ಚಿದೆ. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ ಅಡುಗೆಮನೆಯಲ್ಲಿ ಬೆಳಕು. ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಶಾಲು, ತಲೆಗೆ ನಮ್ಮ ಮನೆಯವರ ಮಂಕಿ ಕ್ಯಾಪು. ಅಮ್ಮ ಸ್ಟೂಲು ಎಳೆದುಕೊಂಡು ಕುಕ್ಕರಿನ ಮುಂದೆ ಕೂತಿದ್ದಾಳೆ. ಮುಚ್ಚಳ ಮುಟ್ಟಿರಲಿಲ್ಲ, ಪಾಪ, ಮಾತು ಕೊಟ್ಟಿದ್ದಳು. ಅಂಗೈಯ ಹಿಂಬದಿಯನ್ನು ಡಬ್ಬಿಯ ಮೈಗೆ ತಾಗಿಸುವುದು, ತೆಗೆಯುವುದು, ಮತ್ತೆ ತಾಗಿಸುವುದು.

‘ಜ್ವರ ಏನೋ ಅದೆ. ಬಾಯೇ ಬಿಡ್ತಿಲ್ಲ.’

ನಾನೂ ಇನ್ನೊಂದು ಸ್ಟೂಲು ಎಳೆದುಕೊಂಡೆ. ಆಗ ಅವಳು ತನ್ನ ಅಜ್ಜಿಯ ಮನೆಯ ಬಚ್ಚಲ ಒಲೆಯ ಕಥೆ ತೆಗೆದಳು. ಸಂಜೆ ಎಲ್ಲರ ಸ್ನಾನ ಮುಗಿದ ಮೇಲೆ ಹಂಡೆಯ ಕೆಳಗೆ ಕೆಂಡ ಉಳಿಯುತ್ತಿತ್ತು. ಅದರ ಪಕ್ಕಕ್ಕೆ ಹುರುಳಿಯ ಮಡಕೆ ಸರಿಸಿ, ಬೂದಿ ಒತ್ತಿ ಎಲ್ಲರೂ ಮಲಗಿಬಿಡುತ್ತಿದ್ದರು. ಬೆಳಿಗ್ಗೆ ಬಸಿದರೆ ಕಾಳು ಎತ್ತುಗಳಿಗೆ, ಕಟ್ಟು ಮನೆಯವರಿಗೆ. ಆ ಕಟ್ಟಿನ ಸಾರು ಮೊದಲ ದಿನಕ್ಕಿಂತ ಮೂರನೇ ದಿನ ರುಚಿ. ‘ಅದೂ ಕೂಗ್ತಿರಲಿಲ್ಲ’ ಎಂದು ಅಮ್ಮ ತಾನೇ ಹೇಳಿ, ಹೇಳಿದ್ದಕ್ಕೆ ತಾನೇ ಬೇಸರ ಮಾಡಿಕೊಂಡು ಎದ್ದು ಹೋದಳು.

ಕಾಯುವಾಗ ಓದಿಕೊಳ್ಳಲು

ಈ ಯಂತ್ರ ಹುಟ್ಟಿದ್ದೂ ಅಂಥದೇ ಒಂದು ಕಥೆಯಿಂದ. ಅರ್ವಿಂಗ್ ನ್ಯಾಕ್ಸನ್ ಎಂಬ ಶಿಕಾಗೋದ ಎಂಜಿನಿಯರಿಗೆ ಅವರ ತಾಯಿ ಲಿಥುವೇನಿಯಾದ ತಮ್ಮೂರಿನ ಸುದ್ದಿ ಹೇಳುತ್ತಿದ್ದರು. ಯಹೂದಿಗಳಿಗೆ ಶುಕ್ರವಾರ ಹೊತ್ತು ಮುಳುಗಿದ ಮೇಲೆ ಶನಿವಾರ ಕತ್ತಲಾಗುವವರೆಗೆ ಬೆಂಕಿ ಹಚ್ಚುವಂತಿಲ್ಲ. ಅದಕ್ಕೆ ಶುಕ್ರವಾರವೇ ಕಾಳು, ಆಲೂಗಡ್ಡೆ, ಸಿಕ್ಕಿದರೆ ಮಾಂಸ ತುಂಬಿದ ಮಡಕೆಯನ್ನು ಊರಿನ ಬ್ರೆಡ್ ಭಟ್ಟಿಗೆ ಕೊಟ್ಟು ಬರುತ್ತಿದ್ದರು. ಆರುತ್ತಾ ಬಂದ ಭಟ್ಟಿಯ ಕಾವಿನಲ್ಲಿ ಅದು ರಾತ್ರಿಯೆಲ್ಲ ಬೇಯುತ್ತಿತ್ತು. ಆ ಅಡುಗೆಗೆ ಚೋಲೆಂಟ್ ಎಂದು ಹೆಸರು. ನ್ಯಾಕ್ಸನ್ ಭಟ್ಟಿಯನ್ನೇ ಮಡಕೆಯ ಸುತ್ತ ಸುತ್ತಿದರು, ಅಷ್ಟೆ. 1936ರಲ್ಲಿ ಅರ್ಜಿ ಹಾಕಿ 1940ರಲ್ಲಿ ಪೇಟೆಂಟ್ ಪಡೆದರು. ಯಾವ ಯಂತ್ರದ ಹಿಂದೆ ನೋಡಿದರೂ ‘ನಮ್ಮೂರಲ್ಲಿ ಹಿಂಗೆ ಮಾಡ್ತಿದ್ವಿ’ ಎನ್ನುವ ಒಬ್ಬ ತಾಯಿ ಇರುತ್ತಾಳೆ. ಪೇಟೆಂಟ್ ಕಾಗದದಲ್ಲಿ ಅವಳ ಹೆಸರಿಗೆ ಜಾಗ ಇರುವುದಿಲ್ಲ.

ಅದು ಬಹಳ ವರ್ಷ ‘ನ್ಯಾಕ್ಸನ್ ಬೀನರಿ’ ಎಂಬ ಹೆಸರಿನಲ್ಲಿ ಕಾಳು ಬೇಯಿಸುವ ಡಬ್ಬಿಯಾಗಿಯೇ ಉಳಿಯಿತು. 1970ರಲ್ಲಿ ನಮ್ಮ ಇದೇ ಕ್ಯಾನ್ಸಸ್ ಸಿಟಿಯ ರೈವಲ್ ಕಂಪನಿ ಅದನ್ನು ಕೊಂಡುಕೊಂಡಿತು. ಕಾಳಷ್ಟೇ ಅಲ್ಲ, ಮಾಂಸವೂ ಇದರಲ್ಲಿ ಬೆಣ್ಣೆಯಾಗುತ್ತದೆ ಎಂದು ಕಂಪನಿಯ ಅಡುಗೆಮನೆಯಲ್ಲಿ ಮಾಡಿ ನೋಡಿದ ಮೇಲೆ, 1971ರಲ್ಲಿ ‘ಕ್ರಾಕ್‌ಪಾಟ್’ ಎಂದು ಹೊಸ ಹೆಸರಿಟ್ಟು ಮಾರುಕಟ್ಟೆಗೆ ಬಿಟ್ಟರು. ಹೆಂಗಸರು ಹೆಚ್ಚುಹೆಚ್ಚಾಗಿ ಕೆಲಸಕ್ಕೆ ಹೊರಟ ಕಾಲ. ಬೆಳಿಗ್ಗೆ ಹಚ್ಚಿ ಹೋದರೆ ಸಂಜೆಗೆ ಊಟ ಎಂಬ ಮಾತು ಯಾರಿಗೆ ಬೇಡ? ಮೇಬಲ್ ಹಾಫ್‌ಮನ್ ಎಂಬಾಕೆ 1975ರಲ್ಲಿ ಬರೆದ ‘ಕ್ರಾಕರಿ ಕುಕರಿ’ ಎಂಬ ಅಡುಗೆ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಮೊದಮೊದಲು ಜಾಡಿ ಡಬ್ಬಿಗೇ ಅಂಟಿಕೊಂಡಿರುತ್ತಿತ್ತು, ತೊಳೆಯುವುದೇ ಕಷ್ಟ. 1974ರಲ್ಲಿ ಅದನ್ನು ಹೊರಗೆ ಎತ್ತುವ ಹಾಗೆ ಮಾಡಿದರು. ತೊಳೆಯುವವರಿಗೆ ಇದು ದೊಡ್ಡ ಉಪಕಾರ. ನನಗೆ ಇದರಿಂದ ಆದ ನಷ್ಟವನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲ ಅಡುಗೆ: ಪಾಟ್ ರೋಸ್ಟ್

ಹೆಸರು ಕೇಳಿ ಮೋಸ ಹೋಗಬೇಡಿ, ಇದು ರೋಸ್ಟ್ ಅಲ್ಲ. ಮುಚ್ಚಿದ ಪಾತ್ರೆಯಲ್ಲಿ ಸ್ವಲ್ಪವೇ ನೀರಿನಲ್ಲಿ ಗಂಟೆಗಟ್ಟಲೆ ಬೇಯಿಸಿದ ಇಡೀ ಮಾಂಸದ ಗಟ್ಟಿ. ಅಮೆರಿಕದ ಎಷ್ಟೋ ಮನೆಗಳಲ್ಲಿ ಇದು ಭಾನುವಾರದ ಊಟ. ಹಚ್ಚಿ ಚರ್ಚಿಗೆ ಹೋಗುವುದು, ಪ್ರಾರ್ಥನೆ ಮುಗಿಸಿ ಬಂದು ಬಡಿಸುವುದು.

ಇಲ್ಲಿಯವರ ಪಾಟ್ ರೋಸ್ಟ್ ಎಂದರೆ ದನದ ಭುಜದ ಮಾಂಸ. ‘ಚಕ್’ ಎಂದು ಕೇಳಿದರೆ ಕೊಡುತ್ತಾರೆ. ಮೂರು ನಾಲ್ಕು ಪೌಂಡು, ಅಂದರೆ ಒಂದೂವರೆ ಕಿಲೋದಷ್ಟು. ತಿನ್ನುವವರು ಅದನ್ನೇ ತನ್ನಿ. ನಮ್ಮಮ್ಮನ ಹಾಗೆ ತಿನ್ನದವರಿಗೆ ಕುರಿಯ ಭುಜ ಆಗುತ್ತದೆ, ಹೊತ್ತು ಸ್ವಲ್ಪ ಕಡಿಮೆ ಸಾಕು. ಇಲ್ಲಿರುವ ಕೊಡಗಿನ ಗೆಳತಿಯೊಬ್ಬಳು ಹಂದಿಯ ಭುಜ ತಂದು, ಮಸಾಲೆ ಕಪ್ಪಗೆ ಹುರಿದು ಪುಡಿಮಾಡಿ ಪಂದಿ ಕರಿಯನ್ನೇ ಇದರಲ್ಲಿ ಇಳಿಸುತ್ತಾಳೆ. ಕಾಚಂಪುಳಿ ಕೊನೆಯ ಅರ್ಧ ಗಂಟೆಗೆ. ಅದನ್ನು ತಿಂದ ಮೇಲೆ ಪಾಟ್ ರೋಸ್ಟಿನ ಬಗ್ಗೆ ಕೈಪಿಡಿ ಬರೆಯುವ ಉತ್ಸಾಹ ಸ್ವಲ್ಪ ಕುಗ್ಗುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ.

ಯಾವುದೇ ಪ್ರಾಣಿಯಾದರೂ ಭುಜವೇ ಬೇಕು. ದಿನವೆಲ್ಲ ನಡೆದು ಮೈಭಾರ ಹೊತ್ತ ಭಾಗ ಅದು. ನಡುನಡುವೆ ಬಿಳಿ ನಾರು, ಕೊಬ್ಬು. ಆ ನಾರಿನಲ್ಲಿರುವ ಕೊಲಾಜೆನ್ ಎಂಬುದು ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನಿಧಾನವಾಗಿ ಕರಗಿ ಜೆಲಾಟಿನ್ ಆಗುತ್ತದೆ. ಕಾಲುಸೂಪು ಆರಿದಾಗ ತುಟಿಗೆ ಅಂಟುತ್ತದಲ್ಲ, ಅದೇ. ಬೆನ್ನಿನ ಒಳಗಿನ ಮೆತ್ತನೆಯ ದುಬಾರಿ ಮಾಂಸದಲ್ಲಿ ಈ ನಾರಿಲ್ಲ, ಎಂಟು ಗಂಟೆ ಬೇಯಿಸಿದರೆ ಒಣಗಿ ಹತ್ತಿಯಾಗುತ್ತದೆ. ಹೆಚ್ಚು ದುಡ್ಡು ಸುರಿದಷ್ಟೂ ಕೆಡುವ ಅಡುಗೆ ಇದೊಂದೇ ಇರಬೇಕು.

‘ಇದೇನು, ತುಂಡು ಮಾಡ್ದೆ ಹಂಗೇ ಹಾಕ್ತರಾ? ಇವ್ರ ಮನೇಲಿ ಮಚ್ಚಿಲ್ವಾ?’ ಎಂದು ಅಮ್ಮ ಕೇಳಿದಳು. ಹೌದು, ಹಾಗೇ. ಇಡಿಯಾಗಿ.

ಹಿಂದಿನ ರಾತ್ರಿ ಮಾಂಸಕ್ಕೆ ಉಪ್ಪು, ಮೆಣಸಿನಪುಡಿ ಸವರಿ ಫ್ರಿಜ್ಜಿನಲ್ಲಿಡಿ. ಮೆಣಸು ಎಂದರೆ ಕಾಳುಮೆಣಸು. ಬೆಳಿಗ್ಗೆ ತೇವ ಒರೆಸಿ ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಎಣ್ಣೆ ಹೊಗೆಯಾಡುವಷ್ಟು ಕಾಯಿಸಿ, ಒಂದೊಂದು ಮಗ್ಗುಲನ್ನೂ ನಾಲ್ಕೈದು ನಿಮಿಷ ಅಲುಗಿಸದೆ ಬಿಟ್ಟು ಕಡುಕಂದು ಬಣ್ಣ ಬರಿಸಿ. ಇದನ್ನು ಬಿಟ್ಟರೂ ಆಗುತ್ತದೆ ಎಂದು ಹೇಳುವವರಿದ್ದಾರೆ. ಅವರ ಮನೆಯಲ್ಲಿ ಊಟಕ್ಕೆ ಕರೆದರೆ ಬೇರೆ ಕೆಲಸ ಇದೆ ಎನ್ನಿ. ಕುಕ್ಕರಿನೊಳಗೆ ಏನೇ ಆದರೂ ಬಿಸಿ 100 ಡಿಗ್ರಿ ದಾಟುವುದಿಲ್ಲ. ಮಾಂಸ ಕಂದಾಗಿ ಆ ಹುರಿದ ರುಚಿ ಬರಬೇಕಾದರೆ 140ರ ಆಸುಪಾಸಾದರೂ ಬೇಕು. ಅದು ಬಾಣಲೆಯಲ್ಲಿ ಮಾತ್ರ ಸಾಧ್ಯ. ಒಂದು ರೀತಿಯಲ್ಲಿ ಇದು ಅವರ ಒಗ್ಗರಣೆ. ನಾವು ಸಾರಿಗೆ ಕೊನೆಯಲ್ಲಿ ಹಾಕುತ್ತೇವೆ, ಅವರು ಮೊದಲೇ ಹಾಕಿ ಮುಗಿಸುತ್ತಾರೆ.

ನಾನು ಎರಡನೇ ಮಗ್ಗುಲು ತಿರುಗಿಸುವಾಗ ಹೊಗೆ ಎದ್ದು, ಚಾವಣಿಯ ಸ್ಮೋಕ್ ಅಲಾರಂ ಮನೆಯೇ ಬಿದ್ದುಹೋಗುವ ಹಾಗೆ ಕಿರುಚಿಕೊಂಡಿತು. ಒಳಗಿನ ಕೋಣೆಯಿಂದ ಅಮ್ಮನ ದನಿ, ವಾರದಲ್ಲಿ ಮೊದಲ ಸಲ ನೆಮ್ಮದಿಯಾಗಿತ್ತು.

‘ಒಂದಾಯ್ತು!’

ಮುಂದಿನದು ಜೋಡಿಸುವ ಕೆಲಸ. ಗಟ್ಟಿ ತರಕಾರಿ ಕೆಳಗೆ, ಮಾಂಸ ಮೇಲೆ. ತಲೆಕೆಳಗಾಗಿ ಬರೆದಿದ್ದೇನೆ ಅಂದುಕೊಳ್ಳಬೇಡಿ, ಈ ಕಾವಿನಲ್ಲಿ ಕ್ಯಾರೆಟ್ಟು ಆಲೂಗಡ್ಡೆಗಳೇ ಮಾಂಸಕ್ಕಿಂತ ಹಟಮಾರಿಗಳು. ಅವು ತಳದಲ್ಲಿ, ಬಿಸಿ ಗೋಡೆಗೆ ಒತ್ತಿಕೊಂಡು ಇರಲಿ. ನಾಲ್ಕು ಕ್ಯಾರೆಟ್, ಐದಾರು ಆಲೂಗಡ್ಡೆ, ಎರಡು ಈರುಳ್ಳಿ ದಪ್ಪ ಹೋಳು, ಸೆಲರಿ ಸಿಕ್ಕಿದರೆ ಎರಡು ದಂಟು. ಮೇಲೆ ಮಾಂಸ. ಬಾಣಲೆಯ ತಳಕ್ಕೆ ಅಂಟಿದ ಕಂದನ್ನು ಒಂದು ಲೋಟ ಬಿಸಿನೀರು ಹುಯ್ದು ಕೆರೆದು ಅದನ್ನೂ ಸುರಿಯಿರಿ. ಪಲಾವಿನ ಎಲೆ ಎರಡು, ಬೆಳ್ಳುಳ್ಳಿ ಆರೆಸಳು. ಸಾಕು. ಜಾಡಿ ಅರ್ಧಕ್ಕಿಂತ ಹೆಚ್ಚು, ಮುಕ್ಕಾಲಿಗಿಂತ ಕಡಿಮೆ ತುಂಬಿರಲಿ.

ನೀರು ಇನ್ನೂ ಬೇಕೆನ್ನಿಸುತ್ತದೆ. ಬೇಡ. ಇಲ್ಲಿ ಆವಿಯಾಗಿ ಹೋಗುವ ದಾರಿಯೇ ಇಲ್ಲ, ಮಾಂಸವೂ ಈರುಳ್ಳಿಯೂ ತಾವೇ ನೀರು ಬಿಡುತ್ತವೆ. ಅಮ್ಮ ನಾನು ಸ್ನಾನಕ್ಕೆ ಹೋದಾಗ ಒಂದು ಚೊಂಬು ಸೇರಿಸಿದ್ದಳು. ಆವತ್ತು ನಾವು ಪಾಟ್ ರೋಸ್ಟ್ ಕುಡಿದೆವು.

ಲೋದಲ್ಲಿ ಎಂಟರಿಂದ ಹತ್ತು ಗಂಟೆ, ಹೈನಲ್ಲಿ ಐದಾರು. ಅವಸರ ಇಲ್ಲದಿದ್ದರೆ ಲೋ.

ಈಗ ಯಾರೂ ಹೇಳದ ಗುಟ್ಟು. ನಾಲ್ಕೈದು ಗಂಟೆಯ ಹೊತ್ತಿಗೆ ಮಾಂಸ ಮುಂಚೆಗಿಂತ ಗಟ್ಟಿಯಾಗಿರುತ್ತದೆ. ಸ್ನಾಯು ಬೆಂದು ಬಿಗಿದುಕೊಂಡಿದೆ, ನಾರು ಇನ್ನೂ ಕರಗಿಲ್ಲ. ಆ ಗಳಿಗೆಯಲ್ಲಿ ಚುಚ್ಚಿ ನೋಡಿದವರು ‘ಹೆಚ್ಚು ಬೆಂದು ಕೆಟ್ಟಿತು’ ಎಂದು ತೆಗೆದು ತಿಂದು ದವಡೆ ನೋಯಿಸಿಕೊಂಡು, ಯಂತ್ರವನ್ನು ಗ್ಯಾರೇಜಿಗೆ ಸೇರಿಸುತ್ತಾರೆ. ಪಕ್ಕದ ಮನೆಯ ಅಜ್ಜಿಯ ಗ್ಯಾರೇಜಿನಲ್ಲಿ ಒಂದು ಬಿಚ್ಚದ ಪೆಟ್ಟಿಗೆ ಇದ್ದಂತೆ ಈ ಊರಿನ ಬೇಕಾದಷ್ಟು ಗ್ಯಾರೇಜುಗಳಲ್ಲಿ ಒಂದೇ ಸಲ ಬಿಚ್ಚಿದ ಪೆಟ್ಟಿಗೆಗಳಿವೆ. ಕೆಟ್ಟಿಲ್ಲ, ಬೆಂದೇ ಇಲ್ಲ. ಇನ್ನೂ ಮೂರು ಗಂಟೆ ಬಿಡಿ. ಒಳಗಿನ ಬಿಸಿ 93-95 ಡಿಗ್ರಿ ಮುಟ್ಟಿದಾಗ ಮುಳ್ಳುಚಮಚ ಚುಚ್ಚಿ ತಿರುವಿದರೆ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ.

ಇಷ್ಟು ಓದಿದ ಮೇಲೂ ಸೋಮಾರಿತನ ಉಳಿದಿದ್ದರೆ ಮಿಸ್ಸಿಸಿಪ್ಪಿ ರೋಸ್ಟ್ ಎಂಬುದೊಂದಿದೆ. ಮಾಂಸದ ಮೇಲೆ ರ‍್ಯಾಂಚ್ ಮಸಾಲೆಯ ಒಂದು ಪೊಟ್ಟಣ, ಗ್ರೇವಿ ಪುಡಿಯ ಒಂದು ಪೊಟ್ಟಣ, 113 ಗ್ರಾಮಿನ ಇಡೀ ಬೆಣ್ಣೆ ಕಡ್ಡಿ, ಉಪ್ಪಿನಕಾಯಿ ಹಾಕಿದ ಐದಾರು ಹಳದಿ ಮೆಣಸಿನಕಾಯಿ. ನೀರೇ ಇಲ್ಲ, ಮುಚ್ಚಿಡುವುದು. ಪೊಟ್ಟಣದ ಬಿಸಿಬೇಳೆಬಾತನ್ನು ಮನೆಯಲ್ಲೇ ಮಾಡಿದ್ದು ಎಂದು ನೆಂಟರಿಗೆ ಬಡಿಸಿದವರು ಇದನ್ನು ಕೀಳಾಗಿ ನೋಡುವ ಹಾಗಿಲ್ಲ.

ಹಾಕಬಾರದವು

ರಾಜ್ಮಾ. ನೆನೆಸಿದ ರಾಜ್ಮಾವನ್ನು ನೇರ ಇದರಲ್ಲಿ ಸುರಿಯಬೇಡಿ. ಹಸಿ ಕೆಂಪು ರಾಜ್ಮಾದಲ್ಲಿ ಫೈಟೋಹೀಮಗ್ಲುಟಿನಿನ್ ಎಂಬ ವಿಷಾಂಶವಿದೆ, ನಾಲ್ಕೈದು ಕಾಳು ಹೊಟ್ಟೆ ತೊಳೆಸಲು ಸಾಕು. ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ, ಕುದಿಯದ ಮಂದ ಕಾವಿನಲ್ಲಿ ಹಸಿಗಿಂತಲೂ ಕೆಟ್ಟದ್ದಾಗಬಹುದು. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಅರ್ಧ ಗಂಟೆ ಕೊತಕೊತ ಕುದಿಸಿ ಆಮೇಲೆ ಜಾಡಿಗೆ ಹಾಕಿ. ಇದನ್ನು ನಾನು ಓದಿದ್ದು ಭಾನುವಾರ ರಾತ್ರಿ, ನಮ್ಮ ಮನೆಯವರು ಬಚ್ಚಲುಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಾಗ. ಬಾಗಿಲ ಹೊರಗೆ ನಿಂಬೆ ಪಾನಕ ಹಿಡಿದು ನಿಂತಿದ್ದ ಅಮ್ಮ ಒಂದೇ ಮಾತು ಹೇಳಿದಳು. ‘ನಾಲ್ಕು ಕೂಗು ಕೂಗಿಸಿದ್ರೆ ಮುಗೀತಿತ್ತು.’ ಸತ್ಯ. ಪ್ರೆಶರ್ ಕುಕ್ಕರಿನ ವಾದವೇ ಗೆದ್ದ ದಿನ ಅದು.

ಫ್ರೀಜರಿನಿಂದ ತೆಗೆದ ಕಲ್ಲಿನಂಥ ಮಾಂಸವೂ ಬೇಡ. 4ರಿಂದ 60 ಡಿಗ್ರಿಯ ನಡುವಿನ ಬಿಸಿ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಹೆಪ್ಪುಗಟ್ಟಿದ ಗಟ್ಟಿ ಆ ದಾರಿಯನ್ನು ದಾಟಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಹಾಲು, ಮೊಸರು, ಕೆನೆ ಮೊದಲೇ ಹಾಕಿದರೆ ಒಡೆಯುತ್ತವೆ, ಇಳಿಸುವ ಮುಂಚೆ ಹಾಕಿ. ಸಾಸಿವೆಯಂತೂ ಕೇಳಲೇಬೇಡಿ. ಎಣ್ಣೆ ಸಾಸಿವೆ ಇಂಗು ಕರಿಬೇವನ್ನು ಜಾಡಿಗೆ ಹಾಕಿ ಚಟಪಟ ಸದ್ದಿಗೆ ಅಮ್ಮ ಇಪ್ಪತ್ತು ನಿಮಿಷ ಕಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಮೌನವಾಗಿ ಸೌಟು ತೆಗೆದುಕೊಂಡು ಒಲೆಗೆ ಹೋದಳು. ಒಗ್ಗರಣೆ ಇವತ್ತಿಗೂ ಸೌಟಿನದೇ ಕೆಲಸ.

ಬೆಂಕಿಯ ಭಯ

ಅಮೆರಿಕದ ‘ದಿಸ್ ಈಸ್ ಅಸ್’ ಎಂಬ ಧಾರಾವಾಹಿಯಲ್ಲಿ 2018ರ ಜನವರಿಯಲ್ಲಿ ಒಂದು ಹಳೆಯ ಸ್ಲೋ ಕುಕ್ಕರಿನಿಂದ ಮನೆಗೆ ಬೆಂಕಿ ಬಿದ್ದಿತು. ಜನರ ಅಚ್ಚುಮೆಚ್ಚಿನ ಅಪ್ಪನ ಪಾತ್ರ ಸಾಯಲು ಅದೇ ಕಾರಣವಾಯಿತು. ಜನ ಅತ್ತರು, ಆಮೇಲೆ ಎದ್ದು ಹೋಗಿ ತಮ್ಮ ಕುಕ್ಕರುಗಳನ್ನು ಕಸಕ್ಕೆ ಹಾಕುತ್ತೇವೆಂದರು. ಇಷ್ಟು ಕಡಿಮೆ ವ್ಯಾಟಿನ ಯಂತ್ರದಲ್ಲಿ ಹಾಗಾಗದು ಎಂದು ಸಮಾಧಾನ ಹೇಳಲು ಕ್ರಾಕ್‌ಪಾಟ್ ಕಂಪನಿ ಹೊಸದಾಗಿ ಟ್ವಿಟರ್ ಖಾತೆ ತೆರೆಯಬೇಕಾಯಿತು. ನಮ್ಮ ಮನೆಯವರು ಆ ಧಾರಾವಾಹಿಯನ್ನು ಎರಡು ಸಲ ನೋಡಿದವರು. ಕಥೆಯಲ್ಲಿ ಆ ಕುಕ್ಕರನ್ನು ಕೊಟ್ಟವರು ಪಕ್ಕದ ಮನೆಯ ವಯಸ್ಸಾದ ದಂಪತಿ ಎಂಬುದನ್ನು ಅವರು ನನಗೆ ವಾರಕ್ಕೊಮ್ಮೆ ನೆನಪಿಸುತ್ತಾರೆ. ಸುತ್ತ ಬಟ್ಟೆ ಕಾಗದ ಇಡಬೇಡಿ, ವೈರು ಸುಲಿದಿದ್ದರೆ ಬಳಸಬೇಡಿ. ಇಷ್ಟು ಸಾಕು.

ತೊಂದರೆಗಳು

ಸಾರು ನೀರುನೀರಾಗಿದ್ದರೆ ತರಕಾರಿ ಮಾಂಸ ತೆಗೆದಿಟ್ಟು ಸಾರನ್ನಷ್ಟೇ ಒಲೆಯ ಮೇಲೆ ಕುದಿಸಿ ಇಂಗಿಸಿ. ಸಪ್ಪೆಯೆನಿಸಿದರೆ ಕೊನೆಯಲ್ಲಿ ನಿಂಬೆರಸ, ಕೊತ್ತಂಬರಿ ಸೊಪ್ಪು. ದಿನವಿಡೀ ಬೆಂದ ರುಚಿಗೆ ಹಸಿಯದೊಂದರ ಚುರುಕು ಬೇಕೇ ಬೇಕು. ಆಲೂಗಡ್ಡೆ ಕಲ್ಲಾಗಿದ್ದರೆ ಯಾರೋ ಮುಚ್ಚಳ ತೆಗೆದಿದ್ದಾರೆ, ಮನೆಯ ಹಿರಿಯರನ್ನು ವಿಚಾರಿಸಿ. ಜಾಕೆಟ್ಟಿಗೆಲ್ಲ ಈರುಳ್ಳಿ ವಾಸನೆ ಹಿಡಿದಿದ್ದರೆ ಇಲ್ಲಿರುವ ನಮ್ಮವರು ಬಹಳ ಜನ ಮಾಡುವಂತೆ ಯಂತ್ರವನ್ನೇ ಗ್ಯಾರೇಜಿಗೆ ಸಾಗಿಸಿ. ಅದಕ್ಕೆ ಬೇಕಾಗಿರುವುದು ಒಂದು ಪ್ಲಗ್ಗು ಮತ್ತು ಏಕಾಂತ, ಎರಡೂ ಅಲ್ಲಿ ಸಿಗುತ್ತವೆ.

ಗ್ಯಾರಂಟಿ

ಈ ಯಂತ್ರವನ್ನು ಊರಿಗೆ ಒಯ್ಯಬೇಡಿ. ಇಲ್ಲಿಯ ವಿದ್ಯುತ್ತು 120 ವೋಲ್ಟ್, ನಮ್ಮಲ್ಲಿ 230. ವೋಲ್ಟ್ ದುಪ್ಪಟ್ಟಾದರೆ ತಂತಿ ಉಗುಳುವ ಬಿಸಿ ನಾಲ್ಕು ಪಟ್ಟು. ಹಾಗೆ ಒಯ್ದು ಚುಚ್ಚಿದ ಮೈಸೂರಿನ ಒಂದು ಮನೆಯಲ್ಲಿ ಸ್ಲೋ ಕುಕ್ಕರ್ ತನ್ನ ಜೀವಮಾನದಲ್ಲಿ ಮೊದಲ ಮತ್ತು ಕೊನೆಯ ಸಲ ಫಾಸ್ಟ್ ಆಯಿತಂತೆ. ಇದನ್ನೆಲ್ಲ ನಾನು ಅಮ್ಮನಿಗೆ ವಿವರವಾಗಿ ಹೇಳಿದ್ದೆ, ಅವಳ ಸೂಟ್‌ಕೇಸ್ ತೂಕ ಹಾಕುತ್ತಾ. ಎರಡು ಸೂಟ್‌ಕೇಸು, ತಲಾ 23 ಕಿಲೋ. ಒಂದು ಯಾಕೋ ಬಾದಾಮಿ ಚಾಕಲೇಟಿಗೆ ಮೀರಿ ಭಾರವಾಗಿತ್ತು. ಅಮ್ಮ ತಲೆಯಾಡಿಸಿ ಎಲ್ಲ ಕೇಳಿಸಿಕೊಂಡಳು.

ಅವಳು ಹೋದ ಮೇಲಿನ ಮೊದಲ ಭಾನುವಾರ ಬೆಳಿಗ್ಗೆ ಮಾಂಸ ಕಂದು ಮಾಡಿ, ಕ್ಯಾರೆಟ್ ಹೆಚ್ಚಿಟ್ಟು, ಕಪಾಟಿನಿಂದ ಕುಕ್ಕರ್ ಇಳಿಸಿದೆ. ಹಗುರವಾಗಿತ್ತು. ಡಬ್ಬಿ ಇದೆ, ವೈರಿದೆ, ತಿರುಪಿದೆ, ನಡುವೆ ಬರಿದು. ಹಾಸನಕ್ಕೆ ಫೋನು ಮಾಡಿದೆ.

‘ಅಮ್ಮ, ಜಾಡಿ?’

‘ನಾನೇ ತಂದಿದೀನಿ ಕಣೇ. ಸೀರೇಲಿ ಸುತ್ತಿ, ಒಳಗೆ ಬಾದಾಮಿ ತುಂಬ್ಕೊಂಡು ಬಂದೆ, ಒಂದು ಗೀರೂ ಇಲ್ಲ. ಕರೆಂಟ್ ಡಬ್ಬಿ ಇಲ್ಲಿ ಸುಟ್ಟೋಗುತ್ತೆ ಅಂದ್ಯಲ್ಲ, ಅದಕ್ಕೆ ನಿನಗೇ ಬಿಟ್ಟೆ.’

ಹಾಸನದ ಮನೆಯ ಅಟ್ಟದ ಕೆಳಗೆ ಆ ಜಾಡಿಯಲ್ಲಿ ಈಗ ಮಾವಿನಮಿಡಿ ಉಪ್ಪಿನಕಾಯಿ ಇದೆ. ಗಾಜಿನ ಮುಚ್ಚಳದ ಮೇಲೆ ಬಿಳಿ ಬಟ್ಟೆ ಬಿಗಿದು ದಾರ ಕಟ್ಟಿದ್ದಾಳೆ. ಮೂರು ತಿಂಗಳು ಯಾರೂ ಮುಚ್ಚಳ ತೆಗೆಯಕೂಡದು ಎಂದು ಅಪ್ಪನಿಗೆ ಕಟ್ಟಪ್ಪಣೆಯಾಗಿದೆ.

ಜಾಡಿಯೊಂದನ್ನೇ ಬೇರೆಯಾಗಿ ಕೊಳ್ಳಲು ಹೋದರೆ ಹೊಸ ಕುಕ್ಕರಿಗೇ ಸಮೀಪದ ಬೆಲೆ ಹೇಳುತ್ತಾರೆ. ಆದ್ದರಿಂದ ಈ ಕೈಪಿಡಿಯ ಓದುಗರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಯಾರಾದರೂ ಕುಕ್ಕರನ್ನು ಊರಿಗೆ ಒಯ್ದು ಡಬ್ಬಿ ಸುಟ್ಟುಕೊಂಡು, ಜಾಡಿ ಮಾತ್ರ ಉಳಿದಿದ್ದರೆ, ಆರು ಕ್ವಾರ್ಟಿನದು, ಮೊಟ್ಟೆಯಾಕಾರದ್ದು, ಮುಚ್ಚಳದ ಸಮೇತ, ದಯವಿಟ್ಟು ತಿಳಿಸಿ. ನಮ್ಮಮ್ಮನಿಗೆ ತಿಳಿಸಬೇಡಿ.